ಊರೂರಿಗೆ ಒಯ್ಯುವ ಅಡೆಗಲ್ಲಿನ ಸ್ಟ್ಯಾಂಡು ನಿಂತಲ್ಲಿ ನಿಲ್ಲುವಂತೆ ಮಾಡುವುದು ಹೇಗೆ?

ಮಳೆಸೀಮೆಯ ಲಾಳದವ

ಎಲ್ಲರಿಗೂ ನಮಸ್ಕಾರ. ನಾನು ಸಾಗರದಲ್ಲಿದ್ದುಕೊಂಡು ಹೊಸನಗರ, ತೀರ್ಥಹಳ್ಳಿ, ಕೊಪ್ಪದ ಕಡೆಗಳಿಗೆ ಹೋಗಿ ಕುದುರೆಗಳಿಗೆ ಲಾಳ ಕಟ್ಟುತ್ತೇನೆ. ನಮ್ಮ ಸೀಮೆಯಲ್ಲಿ ಕುದುರೆಗಳು ಹೆಚ್ಚಿಲ್ಲ. ಒಂದು ಹೋಂಸ್ಟೇಯಲ್ಲಿ ಎರಡು, ತೋಟದ ಮನೆಯೊಂದರಲ್ಲಿ ಒಂದು, ಮದುವೆಯ ಮೆರವಣಿಗೆಗೆ ಕಳಿಸುವವರ ಬಳಿ ಮೂರು ನಾಲ್ಕು, ಹೀಗೆ ಚದುರಿಕೊಂಡಿರುವುದರಿಂದ ಕುಲುಮೆಯೇ ಕುದುರೆಯ ಬಳಿಗೆ ಹೋಗಬೇಕಾಗುತ್ತದೆ. ಪಿಕಪ್ಪಿನಲ್ಲಿ ಗ್ಯಾಸಿನ ಒಲೆ, ಕಾದ ಲಾಳವನ್ನು ಇಟ್ಟು ಬಡಿಯುವ 45 ಕಿಲೋ ತೂಕದ ಕಬ್ಬಿಣದ ಅಡೆಗಲ್ಲು ಮತ್ತು ಸುಮಾರು 20 ಕಿಲೋ ತೂಗುವ, ಮಡಚಬಹುದಾದ ಮೂರು ಕಾಲಿನ ಕಬ್ಬಿಣದ ಸ್ಟ್ಯಾಂಡು ಇವೆ. ಪಾದಗಳು ಮಧ್ಯದಿಂದ 30 ಸೆಂ.ಮೀ. ದೂರದಲ್ಲಿ ನೆಲ ಮುಟ್ಟುತ್ತವೆ. ಒಂದು ಕಾಲು ಅಡೆಗಲ್ಲಿನ ಕೊಂಬಿನ, ಅಂದರೆ ಚೂಪಾಗುತ್ತ ಹೋಗುವ ದುಂಡು ತುದಿಯ ಕೆಳಗೆ, ಉಳಿದೆರಡು ಅದರ ಎದುರಿನ ಚೌಕ ತುದಿಯ ಎಡಬಲಕ್ಕೆ ಬರುತ್ತವೆ. ಆ ಚೌಕ ತುದಿಯನ್ನು ನಾನು ಬಾಲ ಎನ್ನುತ್ತೇನೆ. ಬೇರೆ ಹೆಸರಿದ್ದರೆ ತಿದ್ದಿ.

ಕಳೆದ ವಾರ ಹೊಸನಗರದ ಸಮೀಪದ ಒಂದು ಅಂಗಳದಲ್ಲಿ ಎರಡು ದಿನ ಸುರಿದ ಮಳೆ ಬಿಟ್ಟ ಮೇಲೆ ಕೆಲಸಕ್ಕೆ ನಿಂತಿದ್ದೆ. ಮೂರನೆಯ ಲಾಳ ಮುಗಿಯುವ ಹೊತ್ತಿಗೆ ಸ್ಟ್ಯಾಂಡು ಇಟ್ಟ ಜಾಗದಿಂದ ಒಂದು ಗೇಣು ಪಕ್ಕಕ್ಕೆ ಹೋಗಿತ್ತು. ನಾಲ್ಕನೆಯದರ ತುದಿಯನ್ನು ಬಾಲದ ಮೇಲಿಟ್ಟು ಬಡಿಯುವಾಗ ಹಿಂದಿನ ಒಂದು ಕಾಲು ಕೆಸರಿಗೆ ಇಳಿದು, ಇಡೀ ಅಡೆಗಲ್ಲು ವಾಲಿ, ಕೆಂಪಗೆ ಕಾದ ಲಾಳವು ಇಕ್ಕಳದಿಂದ ಜಾರಿ ನನ್ನ ಬೂಟಿನ ಪಕ್ಕದಲ್ಲೇ ಬಿತ್ತು. ಕುದುರೆ ಬೆದರಿ ಹಿಂದೆ ಸರಿಯಿತು. ಯಾರಿಗೂ ಪೆಟ್ಟಾಗಲಿಲ್ಲ, ಆದರೆ ಅಂದಿನಿಂದ ಪ್ರತಿ ಏಟಿಗೂ ಒಂದು ಕಣ್ಣು ಕಾಲಿನ ಮೇಲೆಯೇ ಇರುತ್ತದೆ.

ಮಳೆಗಾಲ ಮುಗಿಯಲಿ ಎಂದು ಕಾಯುವಂತೆಯೂ ಇಲ್ಲ. ಆರರಿಂದ ಎಂಟು ವಾರಕ್ಕೊಮ್ಮೆ ಲಾಳ ಬಿಚ್ಚಿ ಗೊರಸು ಕೆತ್ತಿ ಮತ್ತೆ ಕಟ್ಟಲೇಬೇಕು, ಅದರಲ್ಲೂ ತೇವಕ್ಕೆ ಗೊರಸು ಮೆದುವಾಗಿ ಮೊಳೆ ಸಡಿಲಾಗುವುದು ಇದೇ ತಿಂಗಳುಗಳಲ್ಲಿ. ಸ್ಟ್ಯಾಂಡನ್ನು ಇನ್ನಷ್ಟು ಭಾರ ಮಾಡುವುದೊಂದೇ ದಾರಿಯೇ? ನನ್ನ ಸೊಂಟ ಅದಕ್ಕೆ ಒಪ್ಪುವುದಿಲ್ಲ.

ಕುಲುಮೆ ಮನೆ

ತೀರ್ಥಹಳ್ಳಿಯ ಕಡೆಯಿಂದ ಬರೆಯುತ್ತಿದ್ದೇನೆ. ನಮ್ಮ ಮನೆಯಲ್ಲಿ ಮೂರು ತಲೆಮಾರಿನಿಂದ ಕತ್ತಿ, ಗುದ್ದಲಿ, ನೇಗಿಲ ಗುಳ ಮಾಡುತ್ತಿದ್ದೇವೆ. ಲಾಳದ ಕೆಲಸ ನಮ್ಮದಲ್ಲ. ಆದರೆ ಅಡೆಗಲ್ಲು ಎಲ್ಲರಿಗೂ ಅಡೆಗಲ್ಲೇ. ನಮ್ಮ ಕುಲುಮೆಯಲ್ಲಿ ಹುಣಸೆ ಮರದ ಬೊಡ್ಡೆಯನ್ನು ಮೊಣಕಾಲುದ್ದ ನೆಲದಲ್ಲಿ ಹೂತು, ಸುತ್ತಲೂ ಜಲ್ಲಿ ಮತ್ತು ಮಣ್ಣು ಹಾಕಿ ದಮ್ಮಸು ಮಾಡಿ, ಅದರ ತಲೆಯ ಮೇಲೆ ಅಡೆಗಲ್ಲನ್ನು ಕೂರಿಸಿದ್ದೇವೆ. ನನ್ನ ಅಜ್ಜ ಹೂತ ಬೊಡ್ಡೆ ಈಗಲೂ ಹಾಗೆಯೇ ಇದೆ. ನಿಮಗೆ ಆ ಭಾಗ್ಯವಿಲ್ಲ, ಏಕೆಂದರೆ ನೀವು ನೆಲವನ್ನು ಹೊತ್ತುಕೊಂಡು ಹೋಗಲಾರಿರಿ.

ಭಾರದ ಮಾತಿಗೆ ಬರುವ ಮೊದಲು ಒಂದು ಪರೀಕ್ಷೆ ಮಾಡಿ ನೋಡಿ. ಅಡೆಗಲ್ಲಿನ ಬುಡವೂ ಸ್ಟ್ಯಾಂಡಿನ ತಟ್ಟೆಯೂ ಸೇರುವ ಅಂಚಿನಲ್ಲಿ ಬೆರಳ ತುದಿಯನ್ನು ಇಟ್ಟುಕೊಂಡು, ಇನ್ನೊಬ್ಬರಿಂದ ಬಾಲದ ಮೇಲೆ ಮೆಲ್ಲಗೆ ಬಡಿಸಿ. ಆ ಸಂದು ಬಾಯಿ ತೆರೆದು ಮುಚ್ಚಿದಂತೆ ಬೆರಳಿಗೆ ತಿಳಿದರೆ, ನಿಮ್ಮ ಅಡೆಗಲ್ಲು ಸ್ಟ್ಯಾಂಡಿನ ಮೇಲೆ ಕೂತಿದೆಯೇ ಹೊರತು ಸ್ಟ್ಯಾಂಡಿಗೆ ಸೇರಿಲ್ಲ ಎಂದು ಅರ್ಥ. ಸೇರದಿದ್ದಾಗ 45 ಕಿಲೋ ಒಂದು ಕಡೆ ಕುಣಿಯುತ್ತದೆ, 20 ಕಿಲೋ ಇನ್ನೊಂದು ಕಡೆ ಕುಣಿಯುತ್ತದೆ. ಸೇರಿದಾಗ ಮಾತ್ರ ಅದು 65 ಕಿಲೋದ ಒಂದೇ ವಸ್ತು. ಒಂದು ಗ್ರಾಂ ಕೂಡ ಹೆಚ್ಚಿಸದೆ ಭಾರವನ್ನು ಗಳಿಸುವ ಉಪಾಯ ಇದೊಂದೇ.

ಎತ್ತಿನ ಕಾಲು

ಶಿಕಾರಿಪುರದ ಕಡೆಯವನು, ಎತ್ತುಗಳಿಗೆ ಲಾಳ ಹೊಡೆಯುವವನು. ನಮ್ಮದು ಬೇರೆಯೇ ಲೋಕ. ಎತ್ತಿನ ಗೊರಸು ಎರಡು ಸೀಳಾಗಿರುವುದರಿಂದ ಒಂದೊಂದು ಸೀಳಿಗೂ ಒಂದೊಂದು ತೆಳು ಬಿಲ್ಲೆ. ಒಲೆಯಿಲ್ಲ, ತಣ್ಣಗಿರುವಾಗಲೇ ಬಡಿದು ಕೂರಿಸುತ್ತೇವೆ. ಹಗ್ಗ ಹಾಕಿ ಎತ್ತನ್ನು ಕೆಡವಿ, ನಾಲ್ಕೂ ಕಾಲು ಕಟ್ಟಿ, ನಾವೂ ನೆಲದ ಮೇಲೆ ಕೂತು ಮಾಡುವ ಕೆಲಸ. ಹಾಗಾಗಿ ನಮ್ಮ ಅಡೆಗಲ್ಲು ಎಂದರೆ ಕೆಳಗೆ ಚೂಪಾದ ಕಬ್ಬಿಣದ ಗೂಟ, ಮೇಲೆ ಅಂಗೈಯಗಲದ ತಲೆ. ನೆಲಕ್ಕೆ ನಾಲ್ಕು ಏಟು ಹಾಕಿ ನೆಟ್ಟರೆ ಮುಗಿಯಿತು. ಅದು ನಡೆದದ್ದನ್ನು ನಾನು ಕಂಡಿಲ್ಲ.

ಮಲೆನಾಡು ಗಿಡ್ಡದ ಊರುಗಳಲ್ಲಿ ನಮಗೆ ಕೆಲಸ ಕಡಿಮೆ, ಆ ಹಗುರ ದನಗಳಿಗೆ ಸಾಮಾನ್ಯವಾಗಿ ಲಾಳ ಬೇಕಾಗುವುದಿಲ್ಲ. ನಮ್ಮ ಗಿರಾಕಿಗಳೆಲ್ಲ ಬಯಲು ಸೀಮೆಯ ಕಡೆಯ ಗಾಡಿ ಎತ್ತುಗಳು.

ಮಾರಾಯರೇ, ಕಾದ ಲಾಳವನ್ನು ಕೊಂಬಿನ ಮೇಲೆ ಬಗ್ಗಿಸುವ ಕೆಲಸಕ್ಕೆ ನಮ್ಮ ಗೂಟ ಸಾಲದು ಎಂದು ಬಲ್ಲೆ. ಆದರೂ ಮೂರು ಕಾಲಿನ ತುದಿಗೂ ಒಂದೊಂದು ಗೂಟ ಹಾಕಿಸಿ ನೆಲಕ್ಕೆ ಇಳಿಸಿದರೆ ಏನು ತೊಂದರೆ?

ಲೆಕ್ಕದ ಮೇಷ್ಟ್ರು

ಶಿವಮೊಗ್ಗದಲ್ಲಿ ಡಿಪ್ಲೊಮಾ ವಿದ್ಯಾರ್ಥಿಗಳಿಗೆ ಪಾಠ ಮಾಡುತ್ತೇನೆ. ಈ ಪ್ರಶ್ನೆಯನ್ನು ಕಾಗದದ ಮೇಲೆ ಬಿಡಿಸಿ ನೋಡಿದೆ, ಖುಷಿಯಾಯಿತು.

ಮೂರು ಕಾಲಿನ ಸ್ಟ್ಯಾಂಡು ಎಂಥ ಏರುತಗ್ಗಿನ ನೆಲದಲ್ಲೂ ಕುಂಟುವುದಿಲ್ಲ, ಏಕೆಂದರೆ ಮೂರು ಬಿಂದುಗಳು ಯಾವಾಗಲೂ ಒಂದೇ ಸಮತಲದಲ್ಲಿ ಬರುತ್ತವೆ. ನಾಲ್ಕು ಕಾಲಿನದಾದರೆ ಅಂಗಳದಲ್ಲಿ ಒಂದು ಕಾಲು ಸದಾ ಗಾಳಿಯಲ್ಲಿರುತ್ತದೆ. ಆದರೆ ಕುಂಟದಿರುವುದು ಬೇರೆ, ಉರುಳದಿರುವುದು ಬೇರೆ. ಪಾದಗಳ ಸುತ್ತ ಒಂದು ದಾರವನ್ನು ಬಿಗಿಯಾಗಿ ಸುತ್ತಿದ್ದೀರಿ ಎಂದುಕೊಳ್ಳಿ. ನಿಮ್ಮ ಮೂರು ಪಾದಗಳು ಮಧ್ಯದಿಂದ 30 ಸೆಂ.ಮೀ. ದೂರವಿದ್ದರೂ, ಬಾಲದ ಕಡೆಯ ದಾರವು ಮಧ್ಯದಿಂದ ಕೇವಲ 15 ಸೆಂ.ಮೀ. ದೂರದಲ್ಲಿ ಹಾದುಹೋಗುತ್ತದೆ. ಅಷ್ಟೇ ದೂರದಲ್ಲಿ ನಾಲ್ಕು ಪಾದ ಇಟ್ಟಿದ್ದರೆ ಅದು ಸುಮಾರು 21 ಸೆಂ.ಮೀ. ಇರುತ್ತಿತ್ತು. ಅಡೆಗಲ್ಲಿನ ಬಾಲ ಮಧ್ಯದಿಂದ ಎಷ್ಟು ದೂರ ಚಾಚಿದೆ ಎಂದು ನೀವು ಬರೆದಿಲ್ಲ, 25 ಸೆಂ.ಮೀ. ಎಂದು ಹಿಡಿಯೋಣ. ಹಾಗಾದರೆ ಬಾಲದ ತುದಿಗೆ ಬೀಳುವ ಏಟು ದಾರದಿಂದ 10 ಸೆಂ.ಮೀ. ಹೊರಗೆ ಬೀಳುತ್ತಿದೆ. ಅಲ್ಲಿ ಒಬ್ಬರು ಕೂತು ಒತ್ತಿದರೂ ಸುಮಾರು 97 ಕಿಲೋ ಭಾರಕ್ಕೆ ಸ್ಟ್ಯಾಂಡು ಎದ್ದು ಮಗುಚಬೇಕು. ಒಂದು ಕಿಲೋ ಸುತ್ತಿಗೆಯ ಏಟಿನ ಬಲವು ಅದಕ್ಕಿಂತ ಎಷ್ಟೋ ಹೆಚ್ಚು, ಆದರೆ ಅದು ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ ಹೊತ್ತು ಇರುವುದರಿಂದ ಮಗುಚುವ ಬದಲು ಕೊಂಬಿನ ಕೆಳಗಿನ ಕಾಲು ಕೂದಲೆಳೆಯಷ್ಟು ಎದ್ದು, ಕೂದಲೆಳೆಯಷ್ಟು ಪಕ್ಕಕ್ಕೆ ಕೂರುತ್ತದೆ. ನೂರು ಏಟಿಗೆ ನೂರು ಸಲ ಹೀಗಾದರೆ ಒಂದು ಗೇಣು ಆಗುವುದರಲ್ಲಿ ಆಶ್ಚರ್ಯವಿಲ್ಲ. ನಿಮ್ಮ ಸ್ಟ್ಯಾಂಡು ನಡೆಯುತ್ತಿರುವುದು ಹೀಗೆ.

ಪರಿಹಾರವೂ ಇದರಲ್ಲೇ ಇದೆ. ಅಡೆಗಲ್ಲನ್ನು ತಟ್ಟೆಯ ಮೇಲೆ ಕೊಂಬಿನ ಕಡೆಗೆ 5 ಸೆಂ.ಮೀ. ಸರಿಸಿ ಕಟ್ಟಿ. ಆಗ ಬಾಲ ದಾರದಿಂದ 5 ಸೆಂ.ಮೀ. ಮಾತ್ರ ಹೊರಗಿರುತ್ತದೆ, ಭಾರವೂ ಮುಂದಕ್ಕೆ ಹೋಗುತ್ತದೆ. 97 ಇದ್ದದ್ದು 240 ಕಿಲೋ ಆಗುತ್ತದೆ. ಒಂದು ಪೈಸೆ ಖರ್ಚಿಲ್ಲ.

ಭದ್ರಾವತಿ ಶೆಡ್

ಮೇಷ್ಟ್ರೇ, ತಮ್ಮ ಲೆಕ್ಕ ಸರಿಯಿದೆ, ಆದರೆ ಅದು ಬಾಲದ ಕಡೆ ಕೂತು ಮಾಡಿದ ಲೆಕ್ಕ. ನಾನು ವೆಲ್ಡಿಂಗ್ ಶೆಡ್ ನಡೆಸುವವನು. 1923ರಿಂದ ಕಬ್ಬಿಣ ಕರಗಿಸಿದ ಊರಿನವನಾದ್ದರಿಂದ ಇಷ್ಟು ಸಲಿಗೆ ತೆಗೆದುಕೊಳ್ಳುತ್ತೇನೆ. ತ್ರಿಕೋನವು ಕೊಂಬಿನ ಕಡೆಗೆ ಹೋದಂತೆ ಕಿರಿದಾಗುತ್ತದೆ ಎಂಬುದನ್ನು ಮರೆಯಬೇಡಿ. ಈಗ ಕೊಂಬಿನ ನಡುವಿನಲ್ಲಿ, ಅಂದರೆ ಮಧ್ಯದಿಂದ 20 ಸೆಂ.ಮೀ. ಮುಂದೆ ಬಡಿದರೆ, ಎಡಕ್ಕೂ ಬಲಕ್ಕೂ ದಾರದವರೆಗೆ ಸುಮಾರು 6 ಸೆಂ.ಮೀ. ಜಾಗವಿದೆ. ಅಡೆಗಲ್ಲನ್ನು 5 ಸೆಂ.ಮೀ. ಮುಂದಕ್ಕೆ ತಳ್ಳಿದರೆ ಅದೇ ಏಟು 25 ಸೆಂ.ಮೀ.ನಲ್ಲಿ ಬೀಳುತ್ತದೆ, ಅಲ್ಲಿ ಉಳಿಯುವ ಜಾಗ 3 ಸೆಂ.ಮೀ. ಕೂಡ ಇಲ್ಲ. ಲಾಳದ ಬಾಗು ತಿದ್ದುವಾಗ ಸುತ್ತಿಗೆ ಕೊಂಬಿನ ನೆತ್ತಿಗೇ ಬೀಳುತ್ತದೆಯೇ? ಪಕ್ಕಕ್ಕೆ ಒರೆಸಿದಂತೆ ಬೀಳುತ್ತದೆ. ಹಿಂದಕ್ಕೆ ಮಗುಚುತ್ತಿದ್ದದ್ದು ಪಕ್ಕಕ್ಕೆ ಮಗುಚುತ್ತದೆ, ಅಷ್ಟೇ.

ಸರಿಯಾದ ದಾರಿ ಎಂದರೆ ಕಾಲುಗಳನ್ನೇ ಅಗಲಿಸುವುದು, ಅದೂ ಮೂರನ್ನೂ ಒಂದೇ ಸಮನಾಗಿ ಅಲ್ಲ. ಹಿಂದಿನ ಎರಡು ಕಾಲುಗಳನ್ನು ಹಿಂದಕ್ಕೂ ಪಕ್ಕಕ್ಕೂ ಹೆಚ್ಚು ಚಾಚಬೇಕು, ಮುಂದಿನದನ್ನು ಕೊಂಬಿನ ತುದಿಯಿಂದ ಸ್ವಲ್ಪ ಆಚೆಗೆ ಒಯ್ಯಬೇಕು. ಮಡಚುವ ಕೀಲಿನ ಬಗ್ಗೆಯೂ ಒಂದು ಮಾತು. ನೀವು ಕೀಲಿನ ಪಿನ್ನಿನ ಮೇಲೆಯೇ ಇಡೀ ಏಟನ್ನು ಹೊರಿಸಿದ್ದರೆ, ಆರು ತಿಂಗಳಲ್ಲಿ ತೂತು ಮೊಟ್ಟೆಯಾಕಾರ ಆಗಿರುತ್ತದೆ. ಕಾಲು ತೆರೆದು ನಿಂತಾಗ ಅದರ ತಲೆ ತಟ್ಟೆಯ ಅಡಿಗೆ ಪೂರ್ತಿ ತಾಗಿ ಕೂರಬೇಕು; ಏಟು ತಟ್ಟೆಯಿಂದ ನೇರ ಕಾಲಿಗೆ ಇಳಿಯಬೇಕು; ಪಿನ್ನು ಕಾಲು ಮಡಚದಂತೆ ಹಿಡಿಯುವುದಕ್ಕೆ ಮಾತ್ರ ಇರಬೇಕು. ಮೂರು ಕಾಲುಗಳ ನಡುವೆ ಮೊಣಕಾಲಿನ ಕೆಳಗೆ ಒಂದು ಸರಪಳಿ ಸುತ್ತಿ ಬಿಗಿದರೆ ಕಾಲುಗಳು ಹೊರಕ್ಕೆ ಜಾರುವುದೂ ನಿಲ್ಲುತ್ತದೆ.

ಮಳೆಸೀಮೆಯ ಲಾಳದವ

ಖರ್ಚಿಲ್ಲದ್ದನ್ನು ಮೊದಲು ಮಾಡಿ ನೋಡೋಣವೆಂದು ಮೇಷ್ಟ್ರ ಮಾತಿನಂತೆ ಅಡೆಗಲ್ಲನ್ನು 5 ಸೆಂ.ಮೀ. ಸರಿಸಿ ಹತ್ತು ದಿನ ಕೆಲಸ ಮಾಡಿದೆ. ಅಳೆದು ನೋಡಿದಾಗ ಬಾಲದ ಚಾಚು 24 ಸೆಂ.ಮೀ. ಇತ್ತು, ಅಂದರೆ ಅವರ ಊಹೆ ಬಹುತೇಕ ಸರಿ. ಬಾಲದ ಮೇಲಿನ ಕೆಲಸದಲ್ಲಿ ನಡಿಗೆ ನಿಂತೇಹೋಯಿತು ಎನ್ನಬಹುದು. ಆದರೆ ಶೆಡ್ಡಿನವರು ಹೇಳಿದ್ದೂ ಅಕ್ಷರಶಃ ಆಯಿತು. ಮುಂಗಾಲಿನ ಅಗಲದ ಲಾಳವೊಂದನ್ನು ಕೊಂಬಿನ ಮೇಲೆ ತಿದ್ದುವಾಗ ಸ್ಟ್ಯಾಂಡು ಎಡಬಲಕ್ಕೆ ತೊಟ್ಟಿಲಿನಂತೆ ತೂಗಿತು. ಹಿಂದಿನ ಜಾಗಕ್ಕೇ ವಾಪಸು ತಂದಿದ್ದೇನೆ.

ಕುಲುಮೆ ಮನೆಯ ಆಚಾರರೇ, ನಿಮ್ಮ ಬೆರಳಿನ ಪರೀಕ್ಷೆಯನ್ನೂ ಮಾಡಿದೆ, ಸಂದು ಬಾಯಿ ತೆರೆಯುತ್ತಿದೆ. ತಟ್ಟೆಯ ಮೇಲೆ ನಾಲ್ಕು ಮೂಲೆಗೆ ಆಂಗಲ್ ತುಂಡು ವೆಲ್ಡ್ ಮಾಡಿಸಿ ಅದರೊಳಗೆ ಅಡೆಗಲ್ಲನ್ನು ಇಳಿಸುತ್ತಿದ್ದೆ. ಪಕ್ಕಕ್ಕೆ ಸರಿಯದಂತೆ ಅದು ಹಿಡಿಯುತ್ತದೆ, ಮೇಲಕ್ಕೆ ಏಳದಂತೆ ಹಿಡಿಯುವುದಕ್ಕೆ ಅಲ್ಲಿ ಏನೂ ಇಲ್ಲ ಎಂಬುದು ನನಗೆ ಈಗಷ್ಟೇ ಹೊಳೆಯಿತು.

ಗೂಟದ ಬಗ್ಗೆ ಕೇಳಿದ ಅಣ್ಣನವರಿಗೆ: ಒಂದು ಸಲ ಹಾಗೆ ಮಾಡಿದ್ದೆ. ಜಂಬಿಟ್ಟಿಗೆಯ ನೆಲಕ್ಕೆ ಗೂಟ ಇಳಿಯಲೇ ಇಲ್ಲ, ಸಿಮೆಂಟಿನ ಮೇಲೆ ಕಿರ್ರೆಂದು ಜಾರಿತು. ಇಳಿಯುವ ಕಡೆ ಇಳಿಯಿತು, ಆದರೆ ಅದು ಆ ಮನೆಯ ಅಕ್ಕನವರು ಅಂದು ಬೆಳಿಗ್ಗೆಯಷ್ಟೇ ಸಗಣಿ ಸಾರಿಸಿದ್ದ ಅಂಗಳ. ಮೂರು ತೂತು ನೋಡಿ ಅವರು ಏನೂ ಹೇಳಲಿಲ್ಲ. ಕಾಫಿ ಮಾತ್ರ ಬರಲಿಲ್ಲ.

ಕೊಪ್ಪದ ತೋಟ

ನಾನು ಲಾಳ ಕಟ್ಟಿಸುವವಳು, ಕಟ್ಟುವವಳಲ್ಲ. ಮನೆಯಲ್ಲಿ ಎರಡು ಕುದುರೆಗಳಿವೆ. ನಿಮ್ಮ ಚರ್ಚೆಯಲ್ಲಿ ಕುದುರೆಯ ಪಾಲು ಬಂದಿಲ್ಲವೆಂದು ಬರೆಯುತ್ತಿದ್ದೇನೆ.

ಅಡೆಗಲ್ಲಿನ ಠಣ್ ಎನ್ನುವ ಸದ್ದಿಗೆ ನಮ್ಮ ಹಳೆಯ ಹೆಣ್ಣು ಕುದುರೆ ಹೊಂದಿಕೊಂಡಿದೆ, ಚಿಕ್ಕದು ಪ್ರತಿ ಏಟಿಗೂ ಕಿವಿ ಹಿಂದಕ್ಕೆ ಹಾಕುತ್ತದೆ. ಸ್ಟ್ಯಾಂಡು ಅಲುಗಿದಾಗ ಸದ್ದು ಒಂದೇ ಸಮ ಇರುವುದಿಲ್ಲ. ಠಣ್ ಎಂದದ್ದು ಮುಂದಿನ ಏಟಿಗೆ ಠಪ್ ಎನ್ನುತ್ತದೆ, ಆಮೇಲೆ ಕಾಲು ಕೆರೆದ ಸದ್ದು ಬರುತ್ತದೆ. ಅದಕ್ಕೆ ಬೇಸರ ತರುವುದು ಸದ್ದಿನ ಜೋರಿಗಿಂತ ಅದರ ತಾಳ ತಪ್ಪುವುದು ಎಂದು ನನಗೆ ಅನ್ನಿಸಿದೆ. ನಮ್ಮಲ್ಲಿಗೆ ಬರುವವರು ಬಾಲದ ಅಡಿಗೆ ಹಳೆಯ ಸ್ಪೀಕರಿನ ಅಯಸ್ಕಾಂತವೊಂದನ್ನು ಅಂಟಿಸುತ್ತಾರೆ. ಅದರಿಂದ ಸದ್ದು ಅರ್ಧಕ್ಕರ್ಧ ಇಳಿಯಿತು.

ಇನ್ನೊಂದು ಮನವಿ. ಕಾಲುಗಳನ್ನು ಅಗಲಿಸುವಾಗ ಅವು ಎಲ್ಲಿಗೆ ಚಾಚುತ್ತವೆ ಎಂಬುದನ್ನು ನೋಡಿ. ಕುದುರೆ ಒಮ್ಮೆಲೇ ಪಕ್ಕಕ್ಕೆ ಸರಿದಾಗ ಹಗ್ಗ ಹಿಡಿದ ನಾನು ಹಿಂದೆ ಹೆಜ್ಜೆ ಇಡುತ್ತೇನೆ, ಆಗ ಎಡವಲು ಅಲ್ಲೊಂದು ಕಬ್ಬಿಣದ ಕಾಲು ಇರಬಾರದು. ಅಡೆಗಲ್ಲು ಕುದುರೆಯ ಒದೆತಕ್ಕೂ ಹಗ್ಗದ ಉದ್ದಕ್ಕೂ ಸಿಗದಷ್ಟು ದೂರವಿದ್ದರೆ ಒಳ್ಳೆಯದು. ಲಾಳ ತಣ್ಣಗಾಗುತ್ತದೆ ಎಂದು ತೀರಾ ಹತ್ತಿರ ತಂದಿಡುವವರನ್ನು ನಾನು ಒಳಗೆ ಬಿಡುವುದಿಲ್ಲ.

ಕುಲುಮೆ ಮನೆ

ಅಮ್ಮನವರ ಮಾತು ಸರಿ. ಸದ್ದು ಬದಲಾದರೆ ಏನೋ ಸಡಿಲಾಗಿದೆ ಎಂದು ನಾವು ಕಿವಿಯಿಂದಲೇ ತಿಳಿಯುತ್ತೇವೆ.

ಅಡೆಗಲ್ಲನ್ನು ಕಟ್ಟುವ ಬಗ್ಗೆ: ಅದಕ್ಕೆ ತೂತು ಕೊರೆಯಲು ಹೋಗಬೇಡಿ. ಅಡೆಗಲ್ಲಿನ ನಾಲ್ಕು ಪಾದಗಳ ಇಳಿಜಾರಿನ ಮೇಲೆ ದಪ್ಪ ಪಟ್ಟಿ ಅಡ್ಡ ಹಾಕಿ, ಎರಡು ಕಡೆಯೂ ಉದ್ದ ಬೋಲ್ಟಿನಿಂದ ತಟ್ಟೆಗೆ ಎಳೆಯಿರಿ. ಬೋಲ್ಟು ಕೆಳಕ್ಕೆ ಎಳೆಯುವಂತಿರಬೇಕು, ಪಕ್ಕಕ್ಕೆ ಒತ್ತುವಂತೆ ಅಲ್ಲ. ಸ್ಪ್ರಿಂಗ್ ವಾಷರ್ ಮತ್ತು ಎರಡನೆಯ ನಟ್ ಹಾಕದಿದ್ದರೆ ಒಂದು ದಿನದ ಬಡಿತಕ್ಕೆ ಬಿಚ್ಚಿಕೊಳ್ಳುತ್ತದೆ. ಪ್ರತಿದಿನ ಅಡೆಗಲ್ಲನ್ನು ಬಿಚ್ಚಿ ಒಯ್ಯುವವರಿಗೆ ಅಡೆಗಲ್ಲಿನ ಸೊಂಟದ ಸುತ್ತ ಸರಪಳಿ ಹಾಕಿ ಟರ್ನ್‌ಬಕಲಿನಿಂದ (ತಿರುಗಿಸಿ ಬಿಗಿಯುವ ತಿರುಪಿನಿಂದ) ಬಿಗಿಯುವುದು ಸುಲಭ, ಜೊತೆಗೆ ಆ ಸರಪಳಿಯೇ ಸದ್ದನ್ನೂ ನುಂಗುತ್ತದೆ.

ನಡುವೆ ರಬ್ಬರಿನ ದಪ್ಪ ಹಾಳೆ ಹಾಕಿ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಏಟು ಕಬ್ಬಿಣಕ್ಕೆ ಹೋಗುವ ಬದಲು ರಬ್ಬರಿಗೆ ಹೋಗುತ್ತದೆ.

ಭದ್ರಾವತಿ ಶೆಡ್

ಆಚಾರರೇ, ಇಲ್ಲಿ ನಾನು ಒಪ್ಪುವುದಿಲ್ಲ. ಬೆರಳು ದಪ್ಪದ ಮೆತ್ತನೆಯ ರಬ್ಬರು ಬೇಡವೆಂಬುದು ನಿಜ. ಆದರೆ ಅಡೆಗಲ್ಲಿನ ಬುಡ ಎಂದೂ ಕನ್ನಡಿಯಂತೆ ಚಪ್ಪಟೆಯಾಗಿರುವುದಿಲ್ಲ. ಅಚ್ಚಿನಿಂದ ಬಂದ ಉಬ್ಬುತಗ್ಗು ಇದ್ದೇ ಇರುತ್ತದೆ, ಉಕ್ಕಿನ ತಟ್ಟೆಯ ಮೇಲೆ ಇಟ್ಟರೆ ಅದು ಎರಡು ಮೂರು ಕಡೆ ಮಾತ್ರ ತಾಗುತ್ತದೆ. ಕಿಟಕಿಯ ಗಾಜಿಗೆ ಹಾಕುವ ಸಿಲಿಕೋನ್ ಪೇಸ್ಟನ್ನು ತೆಳ್ಳಗೆ ಹಚ್ಚಿ, ಅಡೆಗಲ್ಲನ್ನು ಇಳಿಸಿ, ಒಂದು ದಿನ ಮುಟ್ಟದೆ ಬಿಟ್ಟರೆ ಆ ತಗ್ಗುಗಳೆಲ್ಲ ತುಂಬಿ ಬುಡ ಪೂರ್ತಿ ತಾಗುತ್ತದೆ. ಮರದ ಬೊಡ್ಡೆಯಲ್ಲಿ ಈ ಕೆಲಸವನ್ನು ಮರವೇ ಮಾಡುತ್ತದೆ, ಅಡೆಗಲ್ಲು ಬಡಿದೂ ಬಡಿದೂ ತನ್ನ ಹಾಸಿಗೆಯನ್ನು ತಾನೇ ಮಾಡಿಕೊಳ್ಳುತ್ತದೆ. ಅದಕ್ಕೇ ನಿಮಗೆ ಇದರ ಅಗತ್ಯ ಕಂಡಿಲ್ಲ.

ಕಾಲಿನ ಪೈಪಿಗೆ ಒಣ ಮರಳು ತುಂಬಿ ಮೇಲೆ ಕೆಳಗೆ ಮುಚ್ಚಿಸಿದರೆ ಕಾಲಿನ ಗುಂಯ್ ಎನ್ನುವ ಸದ್ದೂ ಹೋಗುತ್ತದೆ. ಒದ್ದೆ ಮರಳು ಮಾತ್ರ ತುಂಬಬೇಡಿ. ಒಳಗಿನಿಂದ ತುಕ್ಕು ಹಿಡಿಯುತ್ತದೆ, ನೀರು ಒಳಗಿದ್ದಾಗ ಬಾಯಿ ಮುಚ್ಚಿ ವೆಲ್ಡ್ ಮಾಡಿದರೆ ಆವಿ ಒತ್ತಿ ಅಪಾಯವೂ ಆದೀತು.

ಲೆಕ್ಕದ ಮೇಷ್ಟ್ರು

ಶೆಡ್ಡಿನವರು ನನ್ನ ಲೆಕ್ಕವನ್ನು ತಿದ್ದಿದ್ದು ಸರಿ, ಒಪ್ಪಿಕೊಂಡೆ. ನಾಳೆ ತರಗತಿಯಲ್ಲಿ ಇದನ್ನೇ ಕೊಡುತ್ತೇನೆ.

ಕೆಸರಿನ ಬಗ್ಗೆ ಯಾರೂ ಮಾತನಾಡಿಲ್ಲ. 40 ಮಿ.ಮೀ. ಪೈಪಿನ ತುದಿಗೆ ಮುಚ್ಚಳವಿದ್ದರೂ ಒಂದು ಪಾದದ ವಿಸ್ತೀರ್ಣ ಸುಮಾರು 12.5 ಚದರ ಸೆಂ.ಮೀ., ಮೂರೂ ಸೇರಿ 38ಕ್ಕಿಂತ ಕಡಿಮೆ. 65 ಕಿಲೋ ಭಾರ ಅದರ ಮೇಲೆ ಕೂತರೆ ಚದರ ಸೆಂ.ಮೀ.ಗೆ 1.7 ಕಿಲೋ ಆಯಿತು, ಅದೂ ಸುತ್ತಿಗೆ ಎತ್ತುವ ಮೊದಲೇ. ಪ್ರತಿ ಕಾಲಿಗೂ 10 ಸೆಂ.ಮೀ. ಚೌಕದ ತಟ್ಟೆ ಹಾಕಿದರೆ ಅದು 0.22 ಕಿಲೋಗೆ ಇಳಿಯುತ್ತದೆ. ಸುಮಾರು ಎಂಟರಲ್ಲಿ ಒಂದು ಪಾಲು. ಒಂದೇ ಕಾಲು ಹೂತುಕೊಳ್ಳುವುದರಿಂದಲೇ ಅಡೆಗಲ್ಲು ವಾಲುವುದು, ಮೂರೂ ಸಮನಾಗಿ ಇಳಿದರೆ ನಿಮಗೆ ಗೊತ್ತೂ ಆಗುವುದಿಲ್ಲ.

ಭದ್ರಾವತಿ ಶೆಡ್

ತಟ್ಟೆಯನ್ನು ಕಾಲಿಗೆ ನೇರ ವೆಲ್ಡ್ ಮಾಡಬೇಡಿ. ಇಳಿಜಾರು ನೆಲದಲ್ಲಿ ಒಂದು ಅಂಚು ಮಾತ್ರ ತಾಗಿ, ಮಾಡಿದ್ದೆಲ್ಲ ವ್ಯರ್ಥವಾಗುತ್ತದೆ. ಒಂದು ಬೋಲ್ಟಿನ ಮೇಲೆ ಸ್ವಲ್ಪ ತಿರುಗುವಂತೆ ಬಿಡಿ. 6 ಮಿ.ಮೀ. ದಪ್ಪ ಸಾಕು. ಅಡಿಗೆ ಹಳೆಯ ಕನ್ವೇಯರ್ ಬೆಲ್ಟಿನ ತುಂಡನ್ನು ಹಚ್ಚಿದರೆ ಸಿಮೆಂಟಿನ ಮೇಲೂ ಜಾರುವುದಿಲ್ಲ, ಮತ್ತು ಆಚಾರರು ಬೇಡವೆಂದ ರಬ್ಬರು ಇಲ್ಲಿ ಅಡೆಗಲ್ಲಿನಿಂದ ದೂರದಲ್ಲಿದೆ.

ದಾರಿಹೋಕ

ಇಷ್ಟೆಲ್ಲ ಕಷ್ಟವೇಕೆ? ಪಿಕಪ್ಪಿನ ಹಿಂಬಾಗಿಲಿನ ಪಕ್ಕಕ್ಕೆ ತಿರುಗುವ ತೋಳು ಹಾಕಿಸಿ ಅದರ ಮೇಲೆಯೇ ಅಡೆಗಲ್ಲು ಕೂರಿಸಿದರೆ ಎತ್ತಿ ಇಳಿಸುವ ಕೆಲಸವೂ ಇಲ್ಲವಲ್ಲ? ಬೇರೆ ದೇಶಗಳ ವಿಡಿಯೋಗಳಲ್ಲಿ ನೋಡಿದ್ದೇನೆ.

ಮಳೆಸೀಮೆಯ ಲಾಳದವ

ತೋಳಿನ ಕೆಳಗೆ ನೆಲಕ್ಕೆ ಊರುವ ಕಾಲು ಇಲ್ಲದಿದ್ದರೆ ಪ್ರತಿ ಏಟಿಗೂ ಗಾಡಿಯ ಸ್ಪ್ರಿಂಗ್ ಪಟ್ಟೆಗಳು ಕುಣಿಯುತ್ತವೆ, ಏಟಿನ ಅರ್ಧ ಅಲ್ಲಿಗೇ ಹೋಗುತ್ತದೆ. ಊರುಗಾಲು ಇದ್ದರೆ ಒಳ್ಳೆಯದೇ. ಆದರೆ ನಮ್ಮಲ್ಲಿ ಗಾಡಿ ಅಂಗಳದವರೆಗೆ ಹೋಗುವುದು ಅಪರೂಪ. ತೋಟದ ಉಣುಗೋಲಿನ ಬಳಿ ನಿಲ್ಲಿಸಿ ಸಾಮಾನು ಹೊತ್ತು ಹೋಗಬೇಕು. ಆಗ ಅಡೆಗಲ್ಲು ಬೇರೆ, ಸ್ಟ್ಯಾಂಡು ಬೇರೆಯಾಗಿ ಎರಡು ಸಲ ಹೊರುವಂತಿರಬೇಕು. ಘಟ್ಟ ಇಳಿಯುವಾಗಲೂ ಅಷ್ಟೇ. ಆಗುಂಬೆಯ 14 ಹೇರ್‌ಪಿನ್ ತಿರುವುಗಳಲ್ಲಿ ಅಡೆಗಲ್ಲು ಸ್ಟ್ಯಾಂಡಿನ ಎತ್ತರದಲ್ಲಿ ನಿಂತಿದ್ದರೆ ಎಂಥ ಹಗ್ಗವೂ ನಂಬಿಕೆಗೆ ಅರ್ಹವಲ್ಲ. ನಾನು ಅದನ್ನು ಡ್ರೈವರಿನ ಸೀಟಿನ ಹಿಂದಿನ ಗೋಡೆಗೆ ಒತ್ತಿ, ನೆಲದ ಮೇಲೆ ಮಲಗಿಸಿ, ಎರಡು ಕೊಂಡಿಗಳಿಗೆ ಬಿಗಿಯುತ್ತೇನೆ.

ಎತ್ತಿನ ಕಾಲು

ಇನ್ನೊಂದು ಸಣ್ಣ ವಿಷಯ. ಕಾಲುಗಳ ನಡುವೆ ಒಂದು ಕೊಕ್ಕೆ ಇಟ್ಟು ಲಾಳದ ಚೀಲವನ್ನೇ ಅದಕ್ಕೆ ತೂಗುಹಾಕಿ. ಹತ್ತು ಹನ್ನೆರಡು ಕಿಲೋ ನೀವು ಹೇಗೂ ತಂದಿರುತ್ತೀರಿ, ಅದು ನೆಲದಲ್ಲಿ ಬಿದ್ದಿರುವ ಬದಲು ಸ್ಟ್ಯಾಂಡನ್ನು ಕೆಳಕ್ಕೆ ಎಳೆಯಲಿ. ಚೀಲದ ತಳ ನೆಲಕ್ಕೆ ಸೋಕುವಷ್ಟು ಮಾತ್ರ ಇಳಿಬಿಡಿ, ಇಲ್ಲವಾದರೆ ಗಡಿಯಾರದ ಲೋಲಕದಂತೆ ತೂಗಾಡಿ ಅದೇ ಒಂದು ಕಾಟವಾಗುತ್ತದೆ.

ಮಳೆಸೀಮೆಯ ಲಾಳದವ

ಮಳೆ ಹಿಂದೆಗೆದಿದೆ, ವರದಿ ಒಪ್ಪಿಸುವ ಕಾಲ ಬಂತು.

ಭದ್ರಾವತಿಗೆ ಹೋಗಿ ಶೆಡ್ಡಿನಲ್ಲಿ ಅರ್ಧ ದಿನ ಕೂತು ಕಾಲುಗಳನ್ನು ಹೊಸದಾಗಿ ಹಾಕಿಸಿದೆ. ಈಗ ಮುಂಗಾಲು ಮಧ್ಯದಿಂದ 36 ಸೆಂ.ಮೀ. ಮುಂದೆ ನೆಲ ಮುಟ್ಟುತ್ತದೆ. ಹಿಂಗಾಲುಗಳ ಸಾಲು 20 ಸೆಂ.ಮೀ. ಹಿಂದೆ ಇದೆ, ಅವೆರಡರ ನಡುವೆ 70 ಸೆಂ.ಮೀ. ಅಂತರ. ಅಡೆಗಲ್ಲನ್ನು ಸರಿಸಿಲ್ಲ, ತಟ್ಟೆಯ ನಟ್ಟನಡುವೆಯೇ ಇದೆ. ಈ ಅಳತೆಗಳನ್ನು ಮೇಷ್ಟ್ರಿಗೆ ಕಳಿಸಿದೆ, ಕೊಂಬಿನ ನಡುವೆ ಬಡಿದಾಗ ಪಕ್ಕಕ್ಕೆ 10 ಸೆಂ.ಮೀ. ಜಾಗ ಸಿಗುತ್ತದೆ ಎಂದು ಲೆಕ್ಕ ಮಾಡಿ ಕೊಟ್ಟರು. ಎತ್ತರವನ್ನೂ ಇದೇ ಸಮಯದಲ್ಲಿ ತಿದ್ದಿದೆ. ನೇರ ನಿಂತು ಮುಷ್ಟಿ ಇಳಿಬಿಟ್ಟಾಗ ಗೆಣ್ಣು ಎಲ್ಲಿಗೆ ಬರುತ್ತದೆಯೋ ಅಲ್ಲಿಗೆ ಅಡೆಗಲ್ಲಿನ ಮುಖ ಬರಬೇಕೆಂಬುದು ಕಮ್ಮಾರರ ಅಳತೆ, ನನಗೆ 75 ಸೆಂ.ಮೀ. ಬಂತು. ಲಾಳದ ಕೆಲಸಕ್ಕೆ ಸುತ್ತಿಗೆ ಹಗುರ, ಕಣ್ಣಿಗೆ ಹತ್ತಿರ ಬೇಕು. ಆದ್ದರಿಂದ ಎರಡು ಬೆರಳು ಹೆಚ್ಚಿಸಿ 78ಕ್ಕೆ ನಿಲ್ಲಿಸಿದೆ. ಅದಕ್ಕಿಂತ ಎತ್ತರಿಸಿದಷ್ಟೂ ಸ್ಟ್ಯಾಂಡು ಬೇಗ ಮಗುಚುತ್ತದೆ ಎಂದು ಶೆಡ್ಡಿನವರು ತಡೆದರು.

ಸಿಲಿಕೋನ್ ಹಚ್ಚಿದ್ದು ಮೊದಲ ಸಲ ಹಿಡಿಯಲಿಲ್ಲ, ಬುಡದಲ್ಲಿದ್ದ ಎಣ್ಣೆಯನ್ನು ನಾನು ಒರೆಸಿರಲಿಲ್ಲ. ಎರಡನೆಯ ಸಲ ಥಿನ್ನರಿನಿಂದ ತೊಳೆದು ಹಚ್ಚಿದೆ. ಹಾಗೆ ಅಂಟಿಸಿದರೆ ಅಡೆಗಲ್ಲನ್ನು ಬಿಚ್ಚಿ ಹೊರುವುದು ಹೇಗೆ ಎಂದು ಕೇಳಬಹುದು. ಅಂಟಿಸಿದ್ದು ಸ್ಟ್ಯಾಂಡಿಗಲ್ಲ, 8 ಮಿ.ಮೀ. ದಪ್ಪದ ಒಂದು ಬಿಡಿ ತಟ್ಟೆಗೆ; ಆ ತಟ್ಟೆ ಸ್ಟ್ಯಾಂಡಿನ ಮೇಲೆ ಚಪ್ಪಟೆಯಾಗಿ ಕೂತು ನಾಲ್ಕು ಬೋಲ್ಟಿನಿಂದ ಬಿಗಿಯಾಗುತ್ತದೆ. ಕೈಯಲ್ಲಿ ತಿರುಗಿಸುವ ಬೋಲ್ಟು ಸಾಲಲಿಲ್ಲ, ಸ್ಪಾನರೇ ಬೇಕು. ಸೊಂಟಕ್ಕೆ ಸರಪಳಿಯೂ ಇದೆ. ಬೆರಳಿಟ್ಟು ನೋಡಿದರೆ ಸಂದು ಮಾತಾಡುವುದಿಲ್ಲ.

ಪಾದದ ತಟ್ಟೆಗಳು ಎಲ್ಲಕ್ಕಿಂತ ಹೆಚ್ಚು ಉಪಕಾರ ಮಾಡಿದವು ಎಂದರೆ ತಪ್ಪಾಗದು. ಅದೇ ಹೊಸನಗರದ ಅಂಗಳಕ್ಕೆ ಮತ್ತೆ ಹೋಗಿದ್ದೆ, ಹಿಂದಿನ ರಾತ್ರಿ ಮಳೆ ಬಂದಿತ್ತು. ಸ್ಟ್ಯಾಂಡು ಇಟ್ಟ ಕೂಡಲೇ ಕೆಲಸ ಶುರು ಮಾಡದೆ, ಅಡೆಗಲ್ಲಿನ ಮೇಲೆ ಎರಡೂ ಕೈ ಊರಿ ನನ್ನ ಭಾರವನ್ನೆಲ್ಲ ಹಾಕಿ ಮೂರು ಕಡೆಗೂ ತೂಗಿ ಒತ್ತಿದೆ. ಇಳಿಯುವುದು ಇದ್ದರೆ ಆಗಲೇ ಇಳಿಯಲಿ ಎಂಬ ಉಪಾಯ. ಎರಡು ಕಾಲು ಅರ್ಧ ಬೆರಳಿನಷ್ಟು ಇಳಿದು ನಿಂತವು, ಸುಣ್ಣದ ಕಡ್ಡಿಯಿಂದ ಪಾದದ ಸುತ್ತ ಗೆರೆ ಎಳೆದಿಟ್ಟೆ. ನಾಲ್ಕು ಲಾಳ ಮುಗಿದ ಮೇಲೆ ನೋಡಿದರೆ ಹಿಂದಿನ ಎಡಗಾಲು ಗೆರೆಯಿಂದ ಒಂದು ಬೆರಳು ಆಚೆ ಇತ್ತು, ಉಳಿದೆರಡು ಗೆರೆಯ ಮೇಲೆಯೇ ಇದ್ದವು. ಗೇಣಿನ ಜಾಗದಲ್ಲಿ ಬೆರಳು.

ಕೊಪ್ಪದ ಅಮ್ಮನವರ ಆತಂಕ ನಿಜವಾಯಿತು. 70 ಸೆಂ.ಮೀ. ಅಗಲಕ್ಕೆ ನಾನೇ ಎರಡು ಸಲ ಎಡವಿದೆ. ಹಿಂಗಾಲುಗಳ ಕೆಳಗಿನ ಅರ್ಧಕ್ಕೆ ಹಳದಿ ಬಣ್ಣ ಬಳಿದಿದ್ದೇನೆ, ಕುದುರೆ ಹಿಡಿಯುವವರು ಯಾವಾಗಲೂ ಕೊಂಬಿನ ಕಡೆ ನಿಲ್ಲುವಂತೆ ಅಡೆಗಲ್ಲನ್ನು ತಿರುಗಿಸಿ ಇಡುತ್ತೇನೆ. ಆ ಕಡೆ ಒಂದೇ ಕಾಲಿದೆ.

ಉಳಿದಿರುವ ತೊಂದರೆ ಒಂದೇ. ಆ ಎಡಗಾಲಿನ ಕೀಲಿನಲ್ಲಿ ಈಗಾಗಲೇ ಸ್ವಲ್ಪ ಆಟ ಬಂದಿದೆ, ಕೈಯಲ್ಲಿ ಹಿಡಿದು ಅಲುಗಿಸಿದರೆ ಟಕ್ ಎನ್ನುತ್ತದೆ. ತೂತನ್ನು ಒಂದು ಸುತ್ತು ದೊಡ್ಡದು ಮಾಡಿ ದಪ್ಪ ಪಿನ್ನು ಹಾಕಲೇ?

ಭದ್ರಾವತಿ ಶೆಡ್

ತೂತು ದೊಡ್ಡದು ಮಾಡಬೇಡಿ. ಟಕ್ ಎನ್ನುತ್ತಿದೆ ಎಂದರೆ ಕಾಲಿನ ತಲೆ ತಟ್ಟೆಗೆ ಪೂರ್ತಿ ತಾಗುತ್ತಿಲ್ಲ, ನನ್ನದೇ ಕೆಲಸದ ಕೊರತೆ. ಆ ಕಾಲೊಂದನ್ನೇ ಬಿಚ್ಚಿ ಬಸ್ಸಿನಲ್ಲಿ ಕಳಿಸಿಕೊಡಿ, ತಲೆಗೆ ಒಂದು ಪದರ ವೆಲ್ಡ್ ತುಂಬಿ ಅರದಿಂದ ಉಜ್ಜಿ ಕೂರಿಸಿ, ತೂತಿಗೆ ಬುಷ್ ಹಾಕಿ ವಾಪಸು ಕಳಿಸುತ್ತೇನೆ.